ಸಭೆಯ ಬಾಗಿಲವರೆಗೆ ಯಾರಾದರೂ ಜೊತೆಗಿರಬೇಕು



ಕಳೆದ ಮುಂಗಾರಿಗೆ ಮುಂಚೆ ಇದೇ ಅಂಕಣದಲ್ಲಿ ಕಬ್ಬಿನ ಗೊಣ್ಣೆಹುಳುವಿನ ಬಗ್ಗೆ ಬರೆದಿದ್ದೆ. ನೀವು ಹುಮಣಿ ಎನ್ನುವುದು ಇದಕ್ಕೇ. ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ ಮರಗಳ ಮೇಲೆ ಕೂಡುತ್ತವೆ. ಆಗ ಕೊಂಬೆ ಅಲುಗಾಡಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಅವುಗಳನ್ನು ಕೆಡಹಬೇಕು. ಒಬ್ಬನೇ ಮಾಡಿದರೆ ಉಪಯೋಗವಿಲ್ಲ, ಪಕ್ಕದ ಹೊಲದ ದುಂಬಿ ಇವನ ಹೊಲಕ್ಕೆ ಬಂದೇ ಬರುತ್ತದೆ, ಊರೆಲ್ಲ ಕೂಡಿ ಮಾಡಬೇಕು ಎಂದು ಬರೆದಿದ್ದೆ. ಕೆಲವರು ಮಾಡಿದರು. ಸಂತೋಷ.

ಅದು ಅಚ್ಚಾದ ಮರುವಾರ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಫಾದರ್, ಹೊಲದಾಗಿನ ಹುಳಕ್ಕ ಔಷಧ ಬರದ್ರಿ. ಮನ್ಯಾಗ ಬೇರು ತಿನ್ನೂ ಹುಳಕ್ಕ ಏನ್ ಮಾಡೂಣ್ರಿ?" ಎಂದು ಕೇಳಿದರು. ಅವರ ಗಂಡನನ್ನು ನಾನು ಬಲ್ಲೆ. ಪ್ರಶ್ನೆ ಏನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಉತ್ತರ ಬರೆಯಲು ನನಗೆ ಇಷ್ಟು ತಿಂಗಳು ಹಿಡಿಯಿತು. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಕಡೆಯ ಒಬ್ಬ ರೈತ. ಹೆಸರು ಬೇಡ, ಊರೂ ಬೇಡ. ಅವನ ಮತ್ತು ಅವನ ಹೆಂಡತಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ಸಂಗತಿಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಅಂಗಳದಲ್ಲಿ ಎಲ್ಲರೂ ಕಂಡದ್ದು. ನದಿ ದಂಡೆಯಲ್ಲಿ ಎರಡೂವರೆ ಎಕರೆ ಕಬ್ಬು, ಒಂದು ಎಮ್ಮೆ, ಎರಡು ಮಕ್ಕಳು. ಕಾರಖಾನೆಯ ಬಿಲ್ಲು ಕೈಗೆ ಬಂದ ವಾರ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಇರುತ್ತಿದ್ದ, ಆದರೆ ಇದ್ದೂ ಇರುತ್ತಿರಲಿಲ್ಲ. ನಾನು ಅವನಿಂದ ಮೂರು ಸಲ ಬೈಬಲ್ ಮುಟ್ಟಿಸಿ ಆಣೆ ಮಾಡಿಸಿದೆ. ಮೊದಲನೆಯದು ಎರಡು ತಿಂಗಳು ನಡೆಯಿತು. ಎರಡನೆಯದು ಮೂರು ವಾರ. ಮೂರನೆಯದು ಒಂಬತ್ತು ದಿನ. ಆಮೇಲೆ ಅವನು ದೇವಾಲಯಕ್ಕೆ ಬರುವುದನ್ನೇ ಬಿಟ್ಟ. ಅವನು ಹಟಮಾರಿ, ಮನಸ್ಸು ಕಲ್ಲಾಗಿದೆ ಎಂದು ನಾನು ತಿಳಿದೆ. ಅವನಿಗೆ ನನ್ನ ಮುಖ ನೋಡಲು ನಾಚಿಕೆಯಾಗುತ್ತಿತ್ತು ಎಂಬುದು ಬಹಳ ದಿನಗಳ ಮೇಲೆ ತಿಳಿಯಿತು. ಆಣೆ ಮಾಡಿಸಿ ನಾನು ಅವನ ಕುಡಿತ ಬಿಡಿಸಲಿಲ್ಲ, ದೇವಾಲಯ ಬಿಡಿಸಿದೆ.

ಸೆಮಿನರಿಯಲ್ಲಿ ನೈತಿಕ ದೈವಶಾಸ್ತ್ರ ಓದುವಾಗ ಕುಡಿತವನ್ನು ನಾನು ದುರ್ಗುಣಗಳ ಪಟ್ಟಿಯಲ್ಲಿ ಓದಿದೆ. ಕಾಯಿಲೆಗಳ ಪಟ್ಟಿಯಲ್ಲಿ ಓದಲಿಲ್ಲ. ಈಗ ಎರಡೂ ಪಟ್ಟಿಗಳಲ್ಲಿ ಅದಕ್ಕೆ ಜಾಗವಿದೆ ಎಂದು ನನ್ನ ಅಭಿಪ್ರಾಯ. ಮೊದಲ ಗ್ಲಾಸನ್ನು ಎತ್ತುವವನು ಮನುಷ್ಯ, ಹತ್ತು ವರ್ಷದ ಮೇಲೆ ಮನುಷ್ಯನನ್ನು ಎತ್ತುವುದು ಗ್ಲಾಸು.

ಮುಂದೆ ನಾನು ಮಾಡಿದ ತಪ್ಪು. ಮದ್ಯವ್ಯಸನದಿಂದ ಹೊರಬಂದವರು ನಡೆಸುವ ಸಭೆಗಳಿವೆ, ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ., ಎಂದು ಕೇಳಿದ್ದೆ. ಯಾವುದೋ ಹಳೆಯ ಕಿರುಹೊತ್ತಗೆಯಲ್ಲಿ ಒಂದು ವಿಳಾಸ ಸಿಕ್ಕಿತು. ವಿಚಾರಿಸದೆ ಅದನ್ನು ಹಾಗೆಯೇ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದೆ. ಆ ಮನುಷ್ಯ ದೇವಾಲಯಕ್ಕೆ ಬರುತ್ತಿರಲಿಲ್ಲ, ಆದರೆ ಹೆಂಡತಿ ಮನೆಗೆ ಒಯ್ದ ಪತ್ರಿಕೆ ಓದುತ್ತಿದ್ದ. ಯಾರಿಗೂ ಹೇಳದೆ ಒಂದು ಸಂಜೆ ಎಸ್.ಟಿ. ಹತ್ತಿದ. ಹತ್ತಿರದ ಊರಲ್ಲಿ ಯಾರಾದರೂ ಕಂಡಾರೆಂದು ದೂರದ ಊರಿಗೆ ಹೋದ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರರಲ್ಲಿ ಯಾವುದೆಂದು ಹೇಳುವುದಿಲ್ಲ. ಅಲ್ಲಿ ಬಾಗಿಲಿಗೆ ಬೀಗ. ಗುಂಪು ಎಂದೋ ಬೇರೆ ಜಾಗಕ್ಕೆ ಹೋಗಿತ್ತು. ಕಾವಲುಗಾರನಿಗೆ ಏನೂ ಗೊತ್ತಿರಲಿಲ್ಲ. ಒಂದು ತಾಸು ನಿಂತ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಎರಡು ಪರ್ಮಿಟ್ ರೂಮುಗಳಿದ್ದವು. ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ.

ಇದನ್ನು ಅವನ ಹೆಂಡತಿ ನನಗೆ ಹೇಳಿದ್ದು ಎರಡು ತಿಂಗಳ ಮೇಲೆ. ಎಂಟು ವರ್ಷ ಕುಡಿದವನು ಒಂದು ದಿನ ತಾನಾಗಿಯೇ ಎದ್ದು ಬಾಗಿಲು ಬಡಿದ. ನಾನು ಕೊಟ್ಟ ಬಾಗಿಲು ತಪ್ಪಾಗಿತ್ತು. ಅವನು ಮತ್ತೆ ಹೊರಡಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ಅರ್ಧ ಎಕರೆ ಒತ್ತೆ ಬಿತ್ತು.

ಆದ್ದರಿಂದ ಈ ಲೇಖನದಲ್ಲಿ ಯಾವ ಸಭೆಯ ದಿನ, ವೇಳೆ, ಕೋಣೆ ಯಾವುದನ್ನೂ ಅಚ್ಚು ಮಾಡುತ್ತಿಲ್ಲ. ಇಂಥ ಗುಂಪುಗಳಿಗೆ ಸ್ವಂತ ಕಟ್ಟಡವಿರುವುದು ಅಪರೂಪ. ಶಾಲೆಯ ಕೋಣೆ, ಯಾವುದೋ ಸಂಸ್ಥೆಯ ಮೇಲ್ಮಹಡಿ, ಹೀಗೆ ಸಿಕ್ಕಲ್ಲಿ ಕೂಡುತ್ತಾರೆ, ಜಾಗ ಬದಲಾಗುತ್ತದೆ. ಭಾರತದ ಎ.ಎ. ಸಂಘಟನೆಯ ಕಚೇರಿ ಮುಂಬಯಿಯಲ್ಲಿದೆ. ಅವರ ಅಂತರ್ಜಾಲ ತಾಣದಲ್ಲಿ ಊರುವಾರು ಗುಂಪುಗಳ ಮಾಹಿತಿ ಮತ್ತು ಸಹಾಯವಾಣಿ ಸಂಖ್ಯೆ ಸಿಗುತ್ತವೆ. ಮಗ ಅಥವಾ ಮಗಳು ಮೊಬೈಲಿನಲ್ಲಿ ಹುಡುಕಿ ಕೊಡಲಿ. ಆದರೆ ಹುಡುಕಿದ್ದನ್ನು ನಂಬಿ ಬಸ್ಸು ಹತ್ತಬೇಡಿ. ಮೊದಲು ಫೋನು ಮಾಡಿ. "ಈ ವಾರ ಸಭೆ ಇದೆಯೇ, ಎಲ್ಲಿ, ಎಷ್ಟು ಗಂಟೆಗೆ, ಬಸ್ ಸ್ಟ್ಯಾಂಡಿನಿಂದ ಯಾರಾದರೂ ಕರೆದುಕೊಂಡು ಹೋಗುತ್ತೀರಾ?" ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಬೇಡ. ಎರಡನೆಯ ಸಲ ನಾನೇ ಫೋನು ಮಾಡಿದಾಗ ಆ ಕಡೆಯ ದನಿ ಶಾಂತವಾಗಿ, "ಸ್ಟ್ಯಾಂಡಿನಲ್ಲಿ ಕುಳಿತಿರಿ, ನಾನೇ ಬರುತ್ತೇನೆ" ಎಂದಿತು. ಬಂದವನು ಹೆಗಲಿಗೆ ಟವಲ್ ಹಾಕಿಕೊಂಡ, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿದ್ದ ಮಗ್ಗದ ಕೆಲಸಗಾರ. ಪಾಳಿ ಮುಗಿಸಿ ಊಟವಿಲ್ಲದೆ ಬಂದಿದ್ದ.

ಈ ಎ.ಎ. ಎಂಬುದು ಹುಟ್ಟಿದ್ದೇ ಒಂದು ಫೋನಿನಿಂದ ಎಂದು ಆಮೇಲೆ ಓದಿದೆ. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಅಮೆರಿಕದ ಆಕ್ರನ್ ಎಂಬ ಊರಿನ ಹೋಟೆಲಿನಲ್ಲಿ ನಿಂತಿದ್ದ. ಬಂದ ವ್ಯವಹಾರ ಮುರಿದಿತ್ತು. ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ಒಂದು ಕಡೆ ಬಾರಿನಿಂದ ನಗು ಕೇಳುತ್ತಿತ್ತು, ಇನ್ನೊಂದು ಕಡೆ ಟೆಲಿಫೋನಿನ ಹತ್ತಿರ ಊರಿನ ಧರ್ಮಗುರುಗಳ ಪಟ್ಟಿ ತೂಗುಹಾಕಿತ್ತು. ಅವನು ಒಬ್ಬ ಗುರುಗಳಿಗೆ ಫೋನು ಮಾಡಿ, ನನಗೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕಾಗಿದೆ ಎಂದು ಕೇಳಿದ. ಹೀಗೆ ಕೈಯಿಂದ ಕೈಗೆ ಹೋಗಿ ಅವನಿಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಅವರೂ ಕುಡಿತದಿಂದ ಕೆಟ್ಟವರು. ಹದಿನೈದು ನಿಮಿಷ ಮಾತ್ರ ಎಂದು ಕುಳಿತ ಡಾಕ್ಟರು ರಾತ್ರಿಯವರೆಗೆ ಏಳಲಿಲ್ಲ. ಅವರು ಕೊನೆಯ ಸಲ ಕುಡಿದದ್ದು ಅದೇ ವರ್ಷದ ಜೂನ್ 10ರಂದು. ಆ ದಿನವನ್ನೇ ಎ.ಎ.ಯ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ಇಂದು ಅದು ಸುಮಾರು 180 ದೇಶಗಳಲ್ಲಿದೆ. ನಮ್ಮ ದೇಶಕ್ಕೆ 1950ರ ದಶಕದಲ್ಲಿ ಬಂತು.

ಗುರುಗಳಾದ ನಮಗೆ ಇದರಲ್ಲಿ ಒಂದು ಪಾಠವಿದೆ. ಫೋನೆತ್ತಿದ ಆ ಗುರು ಪ್ರವಚನ ಮಾಡಲಿಲ್ಲ, ಆಣೆ ಮಾಡಿಸಲಿಲ್ಲ. ಯಾರನ್ನು ಕೇಳಬೇಕೋ ಅವರ ಕಡೆಗೆ ದಾರಿ ತೋರಿಸಿದರು, ಅಷ್ಟೇ.

ನಮ್ಮ ಕಥೋಲಿಕರಲ್ಲಿ ಕೆಲವರು "ಅದು ಬೇರೆ ಪಂಥದವರದ್ದಲ್ಲವೇ?" ಎಂದು ಕೇಳುತ್ತಾರೆ. ಅಲ್ಲ. ಅದು ಯಾವ ಸಭೆಗೂ, ಮತಕ್ಕೂ, ಪಕ್ಷಕ್ಕೂ ಸೇರಿದ್ದಲ್ಲ. ದೇವರನ್ನು ಅವರು ನೆನೆಯುತ್ತಾರೆ, ಆದರೆ ಯಾವ ದೇವರು ಎಂದು ಕೇಳುವುದಿಲ್ಲ. ಅದರ ಆರಂಭದ ದಿನಗಳಲ್ಲಿ ನಮ್ಮವರ ಕೈಯೂ ಇತ್ತು. ಆಕ್ರನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಇಗ್ನೇಶಿಯಾ ಎಂಬ ಕನ್ಯಾಸ್ತ್ರೀ 1939ರಲ್ಲಿ ಡಾಕ್ಟರ್ ಬಾಬ್ ಅವರ ಮಾತಿಗೆ ಒಬ್ಬ ಕುಡುಕನನ್ನು ಸೇರಿಸಿಕೊಂಡರು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದ ಕಾಲ ಅದು. ದಾಖಲೆಯಲ್ಲಿ ಹೊಟ್ಟೆಯುರಿ ಎಂದು ಬರೆದು, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸುವ ಚಿಕ್ಕ ಕೋಣೆಯಲ್ಲಿ ಅವನಿಗೆ ಮಂಚ ಹಾಕಿಸಿದರು. ಮರುವರ್ಷ ಚಳಿಗಾಲದ ಒಂದು ಮಳೆಯ ರಾತ್ರಿ ಎಡ್ವರ್ಡ್ ಡೌಲಿಂಗ್ ಎಂಬ ಕುಂಟುತ್ತಿದ್ದ ಯೇಸುಸಭೆಯ ಗುರು ಕೋಲೂರಿಕೊಂಡು ಬಿಲ್‌ನನ್ನು ಹುಡುಕಿಕೊಂಡು ಬಂದರು. ನಿಮ್ಮ ಹನ್ನೆರಡು ಮೆಟ್ಟಿಲುಗಳು ನಮ್ಮ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗೆ ಬಹಳ ಹತ್ತಿರ ಎಂದು ಅವರಿಗೆ ಕಂಡಿತ್ತು. 1943ರಲ್ಲಿ ರಾಲ್ಫ್ ಫಾವ್ ಎಂಬ ಕಥೋಲಿಕ ಗುರು ತಾವೇ ಸದಸ್ಯರಾಗಿ ಸೇರಿದರು. ಹೌದು, ಗುರುಗಳೂ ಕುಡಿಯುತ್ತಾರೆ, ಗುರುಗಳೂ ಬಿಡುತ್ತಾರೆ. ಇದನ್ನು ನಾವು ಪೀಠದಿಂದ ಹೇಳುವುದಿಲ್ಲ, ಇಲ್ಲಿ ಹೇಳಿದ್ದೇನೆ.

ಇನ್ನು ಸಭೆ ಹೇಗಿರುತ್ತದೆ? ಹೆದರಿಕೆ ಇರುವುದು ಇದಕ್ಕೇ. ನಾವು ಹೋದದ್ದು ಶಾಲೆಯ ಕೋಣೆ. ಚಿಕ್ಕ ಮಕ್ಕಳ ಬೆಂಚುಗಳ ಮೇಲೆ ಹತ್ತು ಹನ್ನೆರಡು ಮಂದಿ ದೊಡ್ಡವರು ಮೊಣಕಾಲು ಮಡಚಿ ಕುಳಿತಿದ್ದರು. ಒಬ್ಬ ನಿವೃತ್ತ ಮಾಸ್ತರು, ಒಬ್ಬ ಟ್ರ್ಯಾಕ್ಟರ್ ಚಾಲಕ, ಕೊರಳಲ್ಲಿ ಚಿನ್ನದ ಸರ ಹಾಕಿದ ಒಬ್ಬ ತರುಣ, ಗಾಣದ ಮನೆಯಲ್ಲಿ ಬೆಲ್ಲ ಕಾಯಿಸುವವನೊಬ್ಬ. ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು. ನಾನು ನನ್ನನ್ನು "ಫಾದರ್" ಎಂದು ಪರಿಚಯಿಸಿಕೊಂಡೆ. ಅಧ್ಯಕ್ಷತೆ ವಹಿಸಿದ್ದವನು ನಗುತ್ತ, "ಇಲ್ಲಿ ಪದವಿ ಹೊರಗಿಟ್ಟು ಬರಬೇಕು, ಚಪ್ಪಲಿಯ ಪಕ್ಕದಲ್ಲಿ" ಎಂದ. ಅದು ಎಲ್ಲರೂ ಬರಬಹುದಾದ ತೆರೆದ ಸಭೆಯಾದ್ದರಿಂದ ನನಗೆ ಕೂರಲು ಬಿಟ್ಟರು. ವ್ಯಸನಿಗಳಿಗೆ ಮಾತ್ರ ಮೀಸಲಾದ ಮುಚ್ಚಿದ ಸಭೆಗಳೂ ಇರುತ್ತವೆ. ಅಲ್ಲಿಗೆ ಮನೆಯವರು ಹೋಗುವ ಹಾಗಿಲ್ಲ. ಫೋನಿನಲ್ಲೇ ಇದನ್ನೂ ಕೇಳಿಕೊಳ್ಳಿ.

ಹೆಸರು ಮಾತ್ರ ಹೇಳಬೇಕು, ಅಡ್ಡಹೆಸರು ಬೇಡ. ರಿಜಿಸ್ಟರಿನಲ್ಲಿ ಸಹಿ ಇಲ್ಲ, ಫೀ ಇಲ್ಲ. ಕೊನೆಗೆ ಒಂದು ಡಬ್ಬಿ ಸುತ್ತುತ್ತದೆ, ಇಷ್ಟವಿದ್ದವರು ಹಾಕುತ್ತಾರೆ, ಹೊಸಬರು ಹಾಕದಿದ್ದರೂ ಯಾರೂ ನೋಡುವುದಿಲ್ಲ. ಸದಸ್ಯನಾಗಲು ಒಂದೇ ಅರ್ಹತೆ: ಬಿಡಬೇಕೆಂಬ ಇಚ್ಛೆ. ಬಿಟ್ಟಿರಲೇಬೇಕೆಂದೂ ಇಲ್ಲ. ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿ, ತಮ್ಮ ಕತೆ ಹೇಳುತ್ತಾರೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಉಪದೇಶಿಸುವುದಿಲ್ಲ. ವರ್ಷಗಟ್ಟಲೆ ಪ್ರವಚನ ಮಾಡುವುದನ್ನು ಕಲಿತ ನನಗೆ ಒಂದೂವರೆ ತಾಸು ಸುಮ್ಮನೆ ಕೂರುವುದು ಕಷ್ಟವಾಯಿತು. ಎರಡು ಸಲ ಬಾಯಿ ತೆರೆದು ಮುಚ್ಚಿದೆ.

ನಮ್ಮವನ ಸರದಿ ಬಂತು. ಮಾತಾಡಲೇಬೇಕೆಂದಿಲ್ಲ ಎಂದರೂ ಅವನು ಎದ್ದ. ಸಭೆ ನಡೆಯುತ್ತಿದ್ದದ್ದು ಮರಾಠಿಯಲ್ಲಿ. ಅವನಿಗೆ ಮರಾಠಿ ಬರುತ್ತದೆ. ಸಂತೆಯಲ್ಲಿ, ಕಾರಖಾನೆಯ ಆಫೀಸಿನಲ್ಲಿ, ತಹಸೀಲಿಯಲ್ಲಿ ಅದನ್ನೇ ಆಡುತ್ತಾನೆ. ಎರಡು ವಾಕ್ಯ ಆಡಿ ನಿಂತುಬಿಟ್ಟ. ವ್ಯವಹಾರದ ಮಾತಿನಲ್ಲಿ ಮನೆಯ ನಾಚಿಕೆ ಹೇಳಲು ಬರಲಿಲ್ಲ. ಆಮೇಲೆ ಕನ್ನಡದಲ್ಲಿ ಶುರುಮಾಡಿದ. ಅರ್ಧ ಮಂದಿಗೆ ತಿಳಿಯಲಿಲ್ಲ, ಆದರೂ ಯಾರೂ ತಡೆಯಲಿಲ್ಲ. ಮಗಳ ಶಾಲೆಯ ಫೀಯಿಟ್ಟಿದ್ದ ಡಬ್ಬಿಯ ಮಾತು ಬಂದಾಗ, ನಮ್ಮನ್ನು ಸ್ಟ್ಯಾಂಡಿನಿಂದ ಕರೆತಂದ ಆ ಮಗ್ಗದವನು ಟವಲಿನಿಂದ ಮುಖ ಮುಚ್ಚಿಕೊಂಡ. ಅವನ ಮನೆಮಾತೂ ಕನ್ನಡ ಎಂದು ಆಗ ತಿಳಿಯಿತು.

ಅದಕ್ಕೇ ಹೇಳುತ್ತೇನೆ: ಗಡಹಿಂಗ್ಲಜದ ಹಳ್ಳಿಗಳಲ್ಲಿ, ಇಚಲಕರಂಜಿಯ ಓಣಿಗಳಲ್ಲಿ ಕನ್ನಡ ಮನೆಗಳು ಕಡಿಮೆಯಿಲ್ಲ. ಕನ್ನಡ ಸಭೆ ಇಲ್ಲವೆಂದು ಹಿಂದೆ ಸರಿಯಬೇಡಿ. ಇಬ್ಬರು ಕನ್ನಡದವರು ಕೂಡಿ ಹೋದರೆ ಕೋಣೆಯ ಒಂದು ಮೂಲೆ ಕನ್ನಡವಾಗುತ್ತದೆ. ನಾಲ್ವರಾದರೆ ಬೇರೆ ದಿನ ಕೂಡಬಹುದು. ಗುಂಪು ಶುರುವಾಗಲು ದೊಡ್ಡ ಅಪ್ಪಣೆ ಬೇಕಿಲ್ಲ. ಮೊಟ್ಟಮೊದಲು ಅವರೂ ಇಬ್ಬರೇ ಇದ್ದರು.

ಈಗ ಆರೋಗ್ಯದ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮಲ್ಲಿ ವಿಭೂತಿ ಬುಧವಾರದಂದು ಕುಡಿತ ಬಿಟ್ಟು ಪಾಸ್ಕಕ್ಕೆ ಮತ್ತೆ ಹಿಡಿಯುವವರಿದ್ದಾರೆ. "ನಲವತ್ತು ದಿನ ಬಿಟ್ಟೇನಲ್ರಿ, ನಾ ಹ್ಯಾಂಗ ಕುಡುಕ?" ಎನ್ನುತ್ತಾರೆ. ಅವರ ವಿಷಯ ಹಾಗಿರಲಿ. ಆದರೆ ವರ್ಷಗಟ್ಟಲೆ ದಿನಾಲೂ, ಬೆಳಗ್ಗೆಯೂ ಕುಡಿಯುವವನು ತಪಸ್ಸುಕಾಲದ ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಕೊನೆಯ ಗುಟುಕಿನ ನಂತರ 6ರಿಂದ 24 ತಾಸಿನೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ರೆ ಇಲ್ಲದಿರುವುದು ಶುರುವಾಗುತ್ತದೆ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನಕ್ಕೆ ಕೆಲವರಿಗೆ ಬುದ್ಧಿ ಭ್ರಮಿಸಿ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ ಕಾಣುತ್ತದೆ. ಡಾಕ್ಟರರು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವು ಬರಬಹುದು. ನಮ್ಮ ಊರುಗಳಲ್ಲಿ ಆಗ ಗಾಳಿ ಸೋಕಿತೆಂದು ದೇವರುಷಿಯ ಹತ್ತಿರ ಒಯ್ಯುತ್ತಾರೆ, ಇಲ್ಲವೆ "ಸ್ವಲ್ಪ ಕುಡಿಸಿದರೆ ಸುಮ್ಮನಾಗ್ತಾನ" ಎಂದು ಕುಡಿಸುತ್ತಾರೆ. ಎರಡೂ ಬೇಡ. ಬಿಡುವ ಮೊದಲು ಡಾಕ್ಟರರನ್ನು ಕಾಣಿರಿ. ಕೆಲವು ದಿನ ಔಷಧ ಕೊಟ್ಟು ನಡುಕವನ್ನು ಹಂತಹಂತವಾಗಿ ಇಳಿಸುತ್ತಾರೆ, ಬಿ1 ಜೀವಸತ್ವ ಕೊಡುತ್ತಾರೆ. ಊಟ ಬಿಟ್ಟು ಕುಡಿದವರಲ್ಲಿ ಅದು ಬರಿದಾಗಿರುತ್ತದೆ, ಅದಿಲ್ಲದೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಕೊಲ್ಲಾಪುರದ ಸಿ.ಪಿ.ಆರ್. ಸರ್ಕಾರಿ ಆಸ್ಪತ್ರೆ ಇರುವುದು ಬಡವರಿಗಾಗಿಯೇ. ಒಳಗಿಟ್ಟು ಚಿಕಿತ್ಸೆ ಬೇಕಾದವರಿಗೆ ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಡಾ. ಅನಿಲ್ ಅವಚಟ್ ಆರಂಭಿಸಿದ ಮುಕ್ತಾಂಗಣವಿದೆ. ಸರ್ಕಾರದ ಉಚಿತ ಫೋನುಗಳೂ ಇವೆ: ವ್ಯಸನಕ್ಕೆ 14446, ಮನಸ್ಸಿನ ಯಾವುದೇ ಸಂಕಟಕ್ಕೆ 14416. ಎರಡನೆಯದರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಅಪಾಯ, ಪೇಪರಿನಲ್ಲಿ ಜಾಹೀರಾತು ಬರುವ ಪುಡಿಗಳು. "ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕುಡಿತ ತಾನೇ ಬಿಡುತ್ತದೆ" ಎಂದು ಬರೆದಿರುತ್ತಾರೆ. ಅದರಲ್ಲಿ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಡಾಕ್ಟರರು ಕೊಡುವ ಡೈಸಲ್ಫಿರಾಂ ಎಂಬ ಗುಳಿಗೆ ಇದೆ ನಿಜ, ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮೈಯೆಲ್ಲ ಕೆಂಪಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡ ಕುಸಿಯುತ್ತದೆ. ಗೊತ್ತಿದ್ದು ಒಪ್ಪಿ ತೆಗೆದುಕೊಂಡವನು ಎಚ್ಚರಿಕೆಯಿಂದಿರುತ್ತಾನೆ. ಗೊತ್ತಿಲ್ಲದವನು ಕುಡಿದೇ ಕುಡಿಯುತ್ತಾನೆ, ಪ್ರಾಣಕ್ಕೆ ಬರಬಹುದು. ತಾಯಂದಿರೇ, ನಿಮ್ಮ ಸಂಕಟ ತಿಳಿಯುತ್ತದೆ, ಆದರೆ ಕದ್ದು ಬೆರೆಸಬೇಡಿ. ಹಾಗೆಯೇ, ಕುಡಿಯುವವರಿರುವ ಮನೆಯಲ್ಲಿ ಕೀಟನಾಶಕದ ಡಬ್ಬಿಗಳನ್ನು ಮಂಚದ ಕೆಳಗೆ ಇಡಬೇಡಿ. ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರವಿರಲಿ. ಯಾಕೆಂದು ಬಿಡಿಸಿ ಹೇಳುವುದಿಲ್ಲ. ನಮ್ಮ ಸಮಾಧಿಭೂಮಿಗೆ ಹೋದವರಿಗೆಲ್ಲ ಗೊತ್ತಿದೆ.

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ಮಾಡಿದ ಸಮೀಕ್ಷೆ ಪ್ರಕಟವಾಯಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಅದರಿಂದ ತೊಂದರೆಯಾಗಿ ನೆರವು ಬೇಕಾಗಿದೆ ಎಂದಿತು. ಕುಡಿತಕ್ಕೆ ಪೂರ್ತಿ ಸೆರೆಸಿಕ್ಕಿದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆಯಂತೆ. ಉಳಿದ 37 ಮಂದಿ ಎಲ್ಲಿ? ನಮ್ಮ ಜಗಲಿಯ ಮೇಲೆ.

ಸಭೆಗಳಿಂದ ನಿಜವಾಗಿ ಉಪಯೋಗವಿದೆಯೇ ಎಂದು ವಿದ್ಯಾವಂತ ಯುವಕರು ಕೇಳುತ್ತಾರೆ. ಕೇಳಬೇಕಾದದ್ದೇ. 2020ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಕುಡಿಯದೆ ಉಳಿಯುವ ವಿಷಯದಲ್ಲಿ, ಎ.ಎ.ಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಕಡಿಮೆಯಲ್ಲ, ಹಲವು ಕಡೆ ಮೇಲು ಎಂದು ಕಂಡಿತು. ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ಮೊದಲ ಸಭೆಯಿಂದ ಎದ್ದು ಬಂದು "ಇದು ನನ್ನದಲ್ಲ" ಎನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು, ನಾಲ್ಕು ಸಲ ಹೋಗಿ, ಆಮೇಲೆ ತೀರ್ಮಾನಿಸಿ. ಒಂದು ನೀರಿಗೆ ಬೆಳೆ ತೂಗುವುದಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಧರ್ಮಸ್ಥಳದವರು ಊರೂರಿಗೆ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅವರೂ ಶಿಬಿರ ಮುಗಿಸಿ ಕೈತೊಳೆದುಕೊಳ್ಳುವುದಿಲ್ಲ, ಬಿಟ್ಟವರು ಮತ್ತೆ ಮತ್ತೆ ಕೂಡಲೆಂದು ನವಜೀವನ ಸಮಿತಿಗಳನ್ನು ಕಟ್ಟಿದ್ದಾರೆ. ಬಿಡುವುದು ಒಂದು ದಿನದ ಕೆಲಸ, ಬಿಟ್ಟು ಉಳಿಯುವುದು ದಿನಾಲಿನ ಕೆಲಸ ಎಂದು ಅವರಿಗೂ ಅನುಭವಕ್ಕೆ ಬಂದಿರಬೇಕು.

ಮಹಾರಾಷ್ಟ್ರದಲ್ಲಿ ಊರಿನ ಹೆಣ್ಣುಮಕ್ಕಳು ಮತ ಹಾಕಿ ದಾರೂ ಅಂಗಡಿ ಮುಚ್ಚಿಸುವ ಕಾನೂನಿದೆ. ನಿಂತ ಬಾಟಲಿ, ಅಡ್ಡ ಬಾಟಲಿ ಎನ್ನುತ್ತಾರಲ್ಲ, ಅದು. ಒಳ್ಳೆಯದೇ, ನಾನು ಬೆಂಬಲಿಸುತ್ತೇನೆ. ಆದರೆ ಅಂಗಡಿ ಮುಚ್ಚಿದ ರಾತ್ರಿ ಕೈ ನಡುಗುವವನನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಊರಿಗೆ ಗೊತ್ತಿರದಿದ್ದರೆ ಅವನು ಮುಂದಿನ ಊರಿಗೆ ಹೋಗುತ್ತಾನೆ. ನಮ್ಮ ಕಬ್ಬಿನ ಕಾಕಂಬಿಯಿಂದಲೇ ಅಲ್ಲವೇ ದೇಶಿ ದಾರೂ ಆಗುವುದು? ನಾವು ಕಾರಖಾನೆಗೆ ಕಳಿಸಿದ್ದು ಬಾಟಲಿಯಾಗಿ ಮನೆಗೆ ತಿರುಗಿ ಬರುತ್ತದೆ. (ಕಾರಖಾನೆಯ ಚುನಾವಣೆಯ ವಾರ ಪುಕ್ಕಟೆಯಾಗಿಯೇ ಬರುತ್ತದೆ, ಆ ಮಾತು ಇನ್ನೊಮ್ಮೆ.)

ನಮ್ಮವನ ವಿಷಯ ಮುಗಿಸಬೇಕು. ಅವನು ಡಾಕ್ಟರರ ಹತ್ತಿರ ಹೋಗಿ, ಬಿಟ್ಟು, ವಾರಕ್ಕೊಮ್ಮೆ ಸಭೆಗೆ ಹೋದ. ಐದನೆಯ ತಿಂಗಳಿಗೆ ಕಬ್ಬಿನ ಬಿಲ್ಲು ಬಂದಾಗ ಮತ್ತೆ ಕುಡಿದ. ಈ ಸಲ ನಾನು ಆಣೆ ಮಾಡಿಸಲಿಲ್ಲ. ಮರುದಿನವೇ ಅವನು ಆ ಮಗ್ಗದವನಿಗೆ ಫೋನು ಮಾಡಿ ಸಭೆಗೆ ಹೋಗಿ ಎಲ್ಲರ ಮುಂದೆ ಹೇಳಿದನಂತೆ. ಯಾರೂ ಬೈಯಲಿಲ್ಲವಂತೆ. ಈಗ ಎರಡು ಹಂಗಾಮು ಕಳೆದಿವೆ. ಬಿಲ್ಲಿನ ಹಣ ಹೆಂಡತಿಯ ಖಾತೆಗೆ ಜಮೆಯಾಗುವಂತೆ ಅವನೇ ಬರೆದುಕೊಟ್ಟಿದ್ದಾನೆ. ಎಷ್ಟು ದಿನವಾಯಿತು ಎಂದು ನಾನು ಕೇಳಿದರೆ, "ಇವತ್ತ ಒಂದ ದಿನಾರಿ ಫಾದರ್" ಎನ್ನುತ್ತಾನೆ. ಮೊದಲ ಸಲ ಕೇಳಿದಾಗ ನಿನ್ನೆ ಕುಡಿದನೇನೋ ಎಂದು ಗಾಬರಿಯಾಗಿದ್ದೆ.

ಈಗ ನಮ್ಮ ಧರ್ಮಕೇಂದ್ರದ ಮಾತು. ಇಂಥ ಗುಂಪಿಗೆ ವಾರಕ್ಕೊಂದು ಸಂಜೆ ನಮ್ಮ ಸಭಾಗೃಹದ ಹಿಂದಿನ ಕೋಣೆ ಕೊಡೋಣ ಎಂದು ಪಾಲನಾ ಸಮಿತಿಯಲ್ಲಿ ಕೇಳಿದೆ. "ದಾರೂಬಾಜ ಮಂದಿನ್ನ ದೇವಾಲಯದ ಅಂಗಳಕ್ಕ ಕರೀತೀರೇನ್ರಿ?" ಎಂದರು ಒಬ್ಬ ಹಿರಿಯರು. ಅವರು ಪ್ರತಿ ಭಾನುವಾರ ಮುಂದಿನ ಸಾಲಿನಲ್ಲೇ ಕೂರುತ್ತಾರಲ್ಲ, ಹೊಸದಾಗಿ ಕರೆಯುವುದೇನು ಎಂದು ನನ್ನ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಇನ್ನೊಬ್ಬರು, ಕೊಡುವುದಾದರೆ ಬಾಡಿಗೆ ಬೇಡ, ಧರ್ಮಕಾರ್ಯ ಎಂದರು. ಗುಂಪಿನವರು ಒಪ್ಪಲಿಲ್ಲ. ಹೊರಗಿನವರಿಂದ ದಾನ ಪಡೆಯಬಾರದು, ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು ಎಂಬುದು ಅವರ ನಿಯಮಗಳಲ್ಲೊಂದು. ಚಿಕ್ಕ ಬಾಡಿಗೆಯಾದರೂ ಕೊಟ್ಟೇ ಕೊಡುತ್ತೇವೆ ಎಂದರು. ನಮ್ಮ ಎಷ್ಟು ಸಂಘಗಳು ಹೀಗೆ ಕೇಳಿವೆ? ಕೊನೆಗೆ ಸಮಿತಿ ಆರು ತಿಂಗಳ ಮಟ್ಟಿಗೆ ಒಪ್ಪಿದೆ.

ನಿಮ್ಮಿಂದ ನಾನು ಕೇಳುವುದು ಹಣವಲ್ಲ, ಜೊತೆ. ಕುಡಿಯುವವನ ಅಣ್ಣನೋ ಮಾವನೋ ಹೊಲದ ನೆರೆಯವನೋ ಮೊದಲ ಸಲ ಬಾಗಿಲವರೆಗೆ ಹೋಗಿ ಬನ್ನಿ. ಒಳಗೆ ಕೂರಬೇಕಾಗಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ಹಿಂದಿರುಗುವಾಗ ಜೊತೆಗೆ ಬಂದರೆ ಸಾಕು. ಸಭೆ ಸಂಜೆಗೆ ಮುಗಿಯುತ್ತದೆ, ಬಸ್ ಸ್ಟ್ಯಾಂಡಿನ ದಾರಿಯ ಅಂಗಡಿಗಳು ಅದೇ ಹೊತ್ತಿಗೆ ದೀಪ ಹಚ್ಚುತ್ತವೆ. ಮದುವೆ ಮನೆಯಲ್ಲಿ, ಮಣ್ಣು ಮುಗಿಸಿ ಬಂದ ಮನೆಯಲ್ಲಿ, ಬಿಟ್ಟವನ ಕೈಗೆ "ಇವತ್ತೊಂದ ದಿನ" ಎಂದು ಗ್ಲಾಸು ಹಿಡಿಸಬೇಡಿ. ಕುಡಿಯುವವರ ಹೆಂಡಂದಿರು, ಮಕ್ಕಳಿಗಾಗಿಯೂ ಅಲ್-ಅನಾನ್ ಎಂಬ ಬೇರೆ ಸಭೆಗಳಿವೆ, 1951ರಿಂದ ನಡೆದು ಬಂದಿವೆ. ಫೋನು ಮಾಡಿದಾಗ ಹತ್ತಿರದಲ್ಲಿ ಎಲ್ಲಿದೆಯೆಂದು ವಿಚಾರಿಸಿ. ಕುಡಿಯುವ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ, ಅವರ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿದೆ. ಅವರಿಗೂ ಎ.ಎ. ಬಾಗಿಲು ತೆರೆದೇ ಇದೆ.

ಕೋಣೆಯ ಕೀಲಿ ಉಪದೇಶಿಯವರ ಹತ್ತಿರ ಇರುತ್ತದೆ. ದಿನ, ವೇಳೆ ಬೇಕಾದವರು ನನ್ನನ್ನೋ ಅವರನ್ನೋ ಆ ವಾರವೇ ಕೇಳಿ, ನೋಟಿಸ್ ಹಲಗೆಯಲ್ಲಿ ಹುಡುಕಬೇಡಿ. ಆ ಸಂಜೆ ನಾನು ಆ ಕಡೆ ಬರುವುದಿಲ್ಲ, ಯಾರು ಬಂದರು ಯಾರು ಬರಲಿಲ್ಲ ಎಂದು ನೋಡುವುದೂ ಇಲ್ಲ. ಹಿಂದಿನ ಗೇಟಿನ ಹತ್ತಿರದ ಬೀದಿದೀಪ ಕೆಟ್ಟಿದೆ, ಹೇಳಿದ್ದೇವೆ, ಸರಿಮಾಡಿಸುತ್ತಾರೆ. ಅಲ್ಲಿಯವರೆಗೆ ಬ್ಯಾಟರಿ ತನ್ನಿ. ಕತ್ತಲೆಯೇ ಅನುಕೂಲ ಎನ್ನುವವರು ತರದಿದ್ದರೂ ನಡೆಯುತ್ತದೆ, ಮೆಟ್ಟಿಲು ಮೂರೇ ಇವೆ.